ಸೂಟ ಐತೇನ್ರಿ?

ಬೆಂಗಳೂರಿನ ನಾಟಕ ತಂಡವೊಂದು ತಿರ್ಲಾಪುರದ ಮೈಲಾರವ್ವನ ಬೈಗುಳಗಳನ್ನು ಫೋನಿನಲ್ಲಿ ತುಂಬಿಕೊಂಡು ಹೋಗಿ ನಾಟಕ ಮಾಡಿತು. ನಾಟಕಕ್ಕೆ 'ಬಾಯಿಬಡಕಿ' ಎಂದು ಹೆಸರಿಟ್ಟರು. ಪೋಸ್ಟರಿನ ಮೇಲೆ 'ಮಾತು: ಗೌರೀಶ' ಎಂದು ಅಚ್ಚು ಹಾಕಿಸಿದರು. ಮೈಲಾರವ್ವನ ಹೆಸರು ಎಲ್ಲಿಯೂ ಇರಲಿಲ್ಲ.

ಈ ಗೌರೀಶ ಕಳೆದ ಸುಗ್ಗಿಯಲ್ಲಿ ತನ್ನ ತಂಡ ಕಟ್ಟಿಕೊಂಡು ತಿರ್ಲಾಪುರಕ್ಕೆ ಬಂದಿದ್ದ. 'ಸಂಶೋಧನೆ' ಎಂದು ಹೇಳಿ ಮೈಲಾರವ್ವನ ಮನೆಯ ಕಟ್ಟೆಯ ಮೇಲೆ ಕೂತವನು ಅರ್ಧ ತಿಂಗಳು ಏಳಲಿಲ್ಲ. ಆಕೆಯ ಬಿಸಿ ರೊಟ್ಟಿ, ಆಕೆಯ ಪುಂಡಿಪಲ್ಯ, ಆಕೆಯ ಬೈಗುಳ ಮೂರನ್ನೂ ಹೊಟ್ಟೆತುಂಬ ಉಂಡ. ಹೋಗುವಾಗ "ಅಮ್ಮಾ, ನಿಮ್ಮ ಋಣ ಮರೆಯಲ್ಲ" ಎಂದು ಕಾಲು ಮುಟ್ಟಿ ನಮಸ್ಕಾರ ಮಾಡಿದ. ಮೈಲಾರವ್ವ "ನಡಿಯೋ, ಬಸ್ಸು ತಪ್ಪಿತು ಅಂದ್ರ ಮತ್ತ ನನಗ ರೊಟ್ಟಿ ಬಡಿಯೂ ಹಂಗ ಮಾಡ್ತಿ" ಎಂದು ಬೈದು ಕಳಿಸಿದಳು. ಅವನು ಅದನ್ನೂ ಫೋನಿಗೆ ತುಂಬಿಕೊಂಡ.

ಒಂದು ಮುಂಜಾನೆ ಮಗಳು ನಾಗರತ್ನಾ ಫೋನಿನಲ್ಲಿ ಆ ನಾಟಕದ ಒಂದು ತುಣುಕು ತೋರಿಸಿದಳು. ಇಳಕಲ್ಲ ಸೀರೆಯುಟ್ಟ ಬೆಂಗಳೂರಿನ ಹುಡುಗಿಯೊಬ್ಬಳು ಸೊಂಟದ ಮೇಲೆ ಕೈಯಿಟ್ಟು ಮೈಲಾರವ್ವನ ಹಾಗೆಯೇ ಬೈಯುತ್ತಿದ್ದಳು. ಮೈಲಾರವ್ವ ಕೊನೆಯತನಕ ನೋಡಿದಳು. ಫೋನು ಮಗಳ ಕೈಗೆ ಕೊಟ್ಟಳು. ಆ ಗಳಿಗೆಯಿಂದ ಆಕೆ ಬೈಯುವುದನ್ನು ಬಿಟ್ಟಳು.

ಇದರಿಂದ ಎಲ್ಲರಿಗಿಂತ ಹೆಚ್ಚು ಸಂತೋಷಪಡಬೇಕಾದವನು ಮಾಳಪ್ಪ. ಅವನು ಆಕೆಯ ಮನೆ ಅಳಿಯ. ತಿರ್ಲಾಪುರದಿಂದ ನವಲಗುಂದಕ್ಕೆ ಮಂದಿ ಹೇರಿಕೊಂಡು ಟಂಟಂ ಗಾಡಿ ಹೊಡೆಯುವವನು. ಲಗ್ನವಾದಾಗಿನಿಂದ ಅತ್ತೆಯ ಬೈಗುಳದಲ್ಲೇ ಕಣ್ಣು ಬಿಟ್ಟು, ಬೈಗುಳದಲ್ಲೇ ಕಣ್ಣು ಮುಚ್ಚಿದವನು. ಆದರೆ ಮರುದಿನ ಮುಂಜಾನೆ ಹಾಸಿಗೆಯ ಬಳಿ ನಿಂತು ಮೈಲಾರವ್ವ "ಏಳ್ರಿ ಅಳಿಯಂದ್ರ, ಚಾ ಆರಾಕತ್ತೈತ್ರಿ" ಎಂದಾಗ ಅವನು ಚೇಳು ಕಡಿದವನಂತೆ ಎದ್ದು ಕೂತ. ಮನೆಯಲ್ಲಿ ಯಾರಾದರೂ ತೀರಿಕೊಂಡರೇ ಎಂದು ಒಳಗೆಲ್ಲ ಓಡಾಡಿ ನೋಡಿ ಬಂದ.

ಯಾರೂ ಸತ್ತಿರಲಿಲ್ಲ. ಆದರೆ ಮನೆ ಸತ್ತಂತಾಗಿತ್ತು. "ಬಾಲ ಬೀಸಬ್ಯಾಡ ಬೇ" ಎಂದು ಬೈಸಿಕೊಳ್ಳದೆ ಎಮ್ಮೆ ಹಾಲಿಳಿಸಲಿಲ್ಲ. ನಾಯಿ ಬೇಜಾರಾಗಿ ಬಾಜು ಮನೆಗೆ ಹೋಗಿ ಮಲಗಿತು. ಮೈಲಾರವ್ವ ಅಳಿಯನನ್ನು ಬೈಯುವ ದನಿ ಕೇಳಿದರೆ ಟಂಟಂ ಹೊರಟಿತು ಎಂದು ತಿಳಿದು ಓಣಿಯ ಮಂದಿ ಚೀಲ ಹಿಡಿದು ಓಡಿ ಬರುತ್ತಿದ್ದರು. ಈಗ ದನಿಯಿಲ್ಲ, ಮಂದಿಯೂ ಇಲ್ಲ. ಟಂಟಂ ಖಾಲಿ ಡಬ್ಬಿಯಂತೆ ಗಡಗಡ ಅಂದುಕೊಂಡು ಒಂಟಿಯಾಗಿ ನವಲಗುಂದಕ್ಕೆ ಹೋಗಿಬರತೊಡಗಿತು.

"ರೀ," ನಾಗರತ್ನಾ ಸೆರಗಿನಿಂದ ಮೂಗೊರೆಸಿಕೊಂಡಳು, "ಅವ್ವ ಇವತ್ತ ನನಗ 'ನಾಗರತ್ನಾ ಅವರ, ಉಪ್ಪು ಕೊಡ್ರಿ' ಅಂದ್ಳು. ನಾ ಹೆತ್ತವ್ವಗ ಬ್ಯಾರೆಯಾಕಿ ಆದ್ನಿ ರೀ!"

ಮಾಳಪ್ಪ ಧೈರ್ಯ ಮಾಡಿ ಅತ್ತೆಯ ಮುಂದೆ ಕುಕ್ಕುರಗಾಲಿನಲ್ಲಿ ಕೂತ. "ಅತ್ತಿ, ನಾವೇನರ ತಪ್ಪು ಮಾಡಿದ್ರ ಬೈದುಬಿಡ್ರಿ. ಹಿಂಗ ಮರ್ಯಾದಿ ಕೊಟ್ಟು ಕೊಲ್ಲಬ್ಯಾಡ್ರಿ."

"ನಿಮ್ಮದೇನೂ ತಪ್ಪಿಲ್ರಿ, ಅಳಿಯಂದ್ರ. ನನ್ನ ಬಾಯಿ ಬೆಂಗಳೂರಾಗೈತಿ. ಇಲ್ಲೆ ಯಾವ ಬಾಯಿಲೆ ಬೈಲಿ? ನನ್ನ ಮಾತು ಅಲ್ಲೆ ಯಾರಿಗೆ ಅಂತಾರ, ಹೆಂಗ ಅಂತಾರ, ಒಮ್ಮೆ ನಾ ಕುಂತು ಕೇಳಬೇಕ್ರಿ. ಮುಂದಿನ ಸಾಲಿನ್ಯಾಗ. ಆಮ್ಯಾಲ ನೋಡೂಣು."

ಹೀಗೆ ಒಂದು ಕುಟುಂಬದ ಸುಖ, ಒಂದು ಎಮ್ಮೆಯ ಹಾಲು, ಒಂದು ಟಂಟಂನ ಹೊಟ್ಟೆಪಾಡು ಎಲ್ಲವೂ ಬೆಂಗಳೂರಿನ ಒಂದು ನಾಟಕದ ಟಿಕೆಟಿಗೆ ಜೋತುಬಿದ್ದವು. ಆ ಟಿಕೆಟಿನ ದರವೋ, ಕೇಳಿದವರು ನಾಟಕದ ಮನೆಯನ್ನೇ ಮಾರುತ್ತಿದ್ದಾರೇನೋ ಅಂದುಕೊಳ್ಳಬೇಕು, ಹಾಗಿತ್ತು.

ಆಗ ಬಾಯಿ ಹಾಕಿದವನು ಎದುರು ಮನೆಯ ಕರಿಸಿದ್ದಪ್ಪ. ಊರಿನಲ್ಲಿ ಬೆಂಗಳೂರು ಬಲ್ಲವನೆಂದರೆ ಅವನೊಬ್ಬನೇ. ಒಮ್ಮೆ ರೈತರ ಮೋರ್ಚಾದ ಲಾರಿಯಲ್ಲಿ ಹೋಗಿ, ಪೊಲೀಸರ ಲಾಠಿಯೊಂದನ್ನು ಬಿಟ್ಟು ಇನ್ನೇನನ್ನೂ ನೋಡದೆ ಅದೇ ಲಾರಿಯಲ್ಲಿ ತಿರುಗಿ ಬಂದಿದ್ದ.

"ಲೇ ಮಾಳ್ಯಾ, ಬೆಂಗಳೂರಾಗ ಪೂರಾ ರೊಕ್ಕ ಕೊಟ್ಟು ಯಾರ ಏನ ತಗೋತಾರಲೇ? ಅಲ್ಲೆ ಎಲ್ಲಾದಕ್ಕೂ ಸೂಟ ಇರ್ತೈತಿ. ಅವರಾಗೆ ಹೇಳಂಗಿಲ್ಲ. ನಾವ ಬಾಯಿ ಬಿಟ್ಟು ಕೇಳಬೇಕು. ನಡಿ, ನಾನೂ ಬರ್ತೀನಿ."

ನವಲಗುಂದದ ಅಂಗಡಿಕಾರ ದರ ಇಳಿಸಿದರೆ ಅದು ಸೂಟ. ಸಾಲದ ಬಡ್ಡಿ ಬಿಟ್ಟರೆ ಸೂಟ. ಈ ಮಾತು ಹುಬ್ಬಳ್ಳಿ ದಾಟಿದ ಮೇಲೆ ಎಲ್ಲಿಯತನಕ ನಡೆಯುತ್ತದೆ ಎಂಬುದನ್ನು ಕರಿಸಿದ್ದಪ್ಪ ವಿಚಾರ ಮಾಡಿರಲಿಲ್ಲ. ಲಾಠಿ ಬೀಳುವಾಗ ಸೂಟ ಕೇಳುವ ಪ್ರಸಂಗ ಅವನಿಗೆ ಬಂದಿರಲಿಲ್ಲ.

ಹೊರಡುವಾಗ ಮೈಲಾರವ್ವ ಒಳಗಿನಿಂದ ಜಮಖಾನವೊಂದನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಂದಳು. ನವಲಗುಂದದ ರಾಜಮಾಬಿ ತಾನೇ ಕೂತು ನೇಯ್ದು ಕೊಟ್ಟದ್ದು. ಕೆಂಪು ನೆಲದ ಮೇಲೆ ಎದುರುಬದುರು ನಿಂತ ನವಿಲುಗಳು.

"ಅತ್ತಿ, ಇದ್ಯಾಕ್ರಿ?"

"ಆಟ ನೋಡಾಕ ಹೋಗಾವ್ರು ಹಾಸಾಕ ಒಯ್ಯದ ಹೋಗ್ತಾರೇನ್ರಿ, ಅಳಿಯಂದ್ರ? ಮುಂದ ಜಾಗಾ ಹಿಡಿಬೇಕಲ್ರಿ."

ಬೆಂಗಳೂರಿನಲ್ಲಿ ಇಳಿದಾಗ ಬೆಳಕು ಹರಿದಿತ್ತು. ಅಂದು ರವಿವಾರ, ಆಟ ಮಧ್ಯಾಹ್ನದ್ದು. ಕೇಳುತ್ತ, ತಪ್ಪುತ್ತ, ಮತ್ತೆ ಕೇಳುತ್ತ ಅವರು ನಾಟಕದ ಮನೆ ಮುಟ್ಟಿದರು. ಬಾಗಿಲಿನ ಬಾಜೂ ಆಳೆತ್ತರದ ಪೋಸ್ಟರು. ಅದರಲ್ಲಿ ಒಂದು ದೊಡ್ಡ ತೆರೆದ ಬಾಯಿ.

"ಅತ್ತಿ, ನೋಡ್ರಿ! ನಿಮ್ಮ ಬಾಯಿ!" ಮಾಳಪ್ಪ ಕುಣಿದ.

ಮೈಲಾರವ್ವ ಹತ್ತಿರ ಹೋಗಿ ನೋಡಿದಳು. "ನನಗ ಇಷ್ಟು ಹಲ್ಲು ಎಲ್ಲದಾವ್ರಿ?" ಎಂದಳು.

ಟಿಕೆಟಿನ ಕಿಟಕಿಯ ಹಿಂದೆ ಇರಮ್ ಎಂಬ ಹುಡುಗಿ ಕೂತಿದ್ದಳು. ಕೊರಳಲ್ಲಿ ತೂಗುವ ಪಟ್ಟಿಯ ಮೇಲೆ ಹೆಸರಿತ್ತು. ಮಾಳಪ್ಪ ಅಂಗಿ ಸರಿಮಾಡಿಕೊಂಡು ಮುಖವನ್ನು ಕಿಟಕಿಯ ತೂತಿಗೆ ಹಿಡಿದ.

"ಯಕ್ಕಾ, ಮೂರು ಮಂದಿ ಅದೀವ್ರಿ. ದರ ಏನರ ಕಡಿಮಿ ಮಾಡ್ತೀರೇನ್ರಿ?"

"ಆಫರ್ ಎಲ್ಲಾ ಆನ್‌ಲೈನಲ್ಲೇ ಸಾರ್. ಕೋಡ್ ಇದ್ರೆ ಮಾತ್ರ."

"ಕೋಡಾ?" ಮಾಳಪ್ಪ ಹಿಂದೆ ತಿರುಗಿದ. "ಕಾಕಾ, ಕೋಡು ಇದ್ರ ಅಷ್ಟ ಅಂತ."

ಕರಿಸಿದ್ದಪ್ಪ ಹಣೆ ಬಡಿದುಕೊಂಡ. "ಥೋ! ಮೊದಲ ಹೇಳಿದ್ರ ಎಮ್ಮಿ ಹೊಡಕೊಂಡು ಬರ್ತಿದ್ವಿ!" ಆಮೇಲೆ ತಾನೇ ಕಿಟಕಿಗೆ ಬಾಗಿದ. "ತಂಗಿ, ಕೋಡಿನ ದನಾ ಊರಾಗದಾವ. ಫೋಟೋ ನಡೀತೈತೇನು?"

ಇರಮ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಪಾಪ, ಒಳ್ಳೆಯ ಹುಡುಗಿ. ಕೋಡ್ ಅಂದರೆ ಫೋನಿಗೆ ಬರುವ ಗುಟ್ಟಿನ ಅಕ್ಷರ ಎಂದು ತಿಳಿಸಿ ಹೇಳಿದಳು. "ಸ್ಟೂಡೆಂಟ್ ಆದ್ರೆ ಅರ್ಧ ರೇಟು, ಅಂಕಲ್. ಐಡಿ ಬೇಕು."

"ಇಂವ ಸ್ಟೂಡೆಂಟ್ ಅದಾನ," ಕರಿಸಿದ್ದಪ್ಪ ಮಾಳಪ್ಪನ ಬೆನ್ನು ಗುದ್ದಿದ.

"ಯಾವ ಕಾಲೇಜು?"

ಮಾಳಪ್ಪನಿಗೆ ಬೆವರು ಬಂತು. ಅವನ ತಲೆಯಲ್ಲಿ ಅರ್ಧ ಕೂದಲು ಊರಿಗೆ ಹೋಗಿಯಾಗಿತ್ತು, ಉಳಿದರ್ಧ ಬೆಳ್ಳಗಾಗಿತ್ತು. "ಶಾಲಿ ಇನ್ನೂ ಮುಗಿದಿಲ್ರೀ," ಎಂದ. ಏಳನೇ ಇಯತ್ತೆಗೇ ಶಾಲೆ ಬಿಟ್ಟವನು, ಹಾಗಾಗಿ ಸುಳ್ಳೇನೂ ಹೇಳಲಿಲ್ಲ.

ಇರಮ್ ಈ ಸಲ ನಗಲಿಲ್ಲ. ಹಿಂದೆ ಸರತಿ ಬೆಳೆದಿತ್ತು. ಯಾರೋ "ಬೇಗ ಮುಗ್ಸಿ ಸಾರ್" ಅಂದರು. ಮೂವರೂ ಪಕ್ಕಕ್ಕೆ ಸರಿದರು. ಫೋನು ಬಡಿದುಕೊಂಡಿತು, ನಾಗರತ್ನಾ. "ಅವ್ವನ ಬಾಯಿ ಸಿಕ್ತೇನ್ರೀ?"

"ಹುಡುಕಾಕತ್ತೀವಿ," ಎಂದು ಮಾಳಪ್ಪ ಫೋನು ಕಟ್ಟು ಮಾಡಿದ.

"ಲೇ ಮಾಳ್ಯಾ, ತಪ್ಪು ನಿಂದ," ಕರಿಸಿದ್ದಪ್ಪ ತೀರ್ಪು ಕೊಟ್ಟ. "ದರ ಕಡಿಮಿ ಮಾಡ್ರಿ ಅಂತ ಭಿಕ್ಷಾ ಬೇಡಿದಿ. ಸೂಟ ಅಂದ್ರ ಹಕ್ಕು. ನೆಟ್ಟಗ ಕೇಳು, 'ಸೂಟ ಐತೇನ್ರಿ?' ಅಂತ. ಆ ಪೋರಿ ಬ್ಯಾಡ. ಅಲ್ಲೆ ಹಿಂದಿನ ಬಾಗಿಲಾಗ ಒಬ್ಬ ದೊಡ್ಡ ಮನಿಷಾ ನಿಂತಾನ ನೋಡು, ಅವಂಗ ಕೇಳು."

ಹಿಂದಿನ ಬಾಗಿಲಲ್ಲಿ ನಿಂತವನು ಜಹೀರುದ್ದೀನ, ನಾಟಕದವರಿಗೆ ವೇಷ ತೊಡಿಸುವವನು. ಬಾಯಲ್ಲಿ ಗುಂಡುಪಿನ್ನು, ಹೆಗಲ ಮೇಲೆ ಅಳತೆಯ ಟೇಪು. ನಾಟಕದಲ್ಲಿ 'ಅಧಿಕಾರಿ'ಯ ವೇಷ ಹಾಕುವವನು ಕೈಕೊಟ್ಟಿದ್ದ. ಅವನ ಬದಲು ಇನ್ನೊಬ್ಬನನ್ನು ಕಳಿಸುತ್ತೇವೆ ಎಂದು ಯಾರೋ ಹೇಳಿದ್ದರು. ಜಹೀರುದ್ದೀನ ಆ ಇನ್ನೊಬ್ಬನ ಹಾದಿಯನ್ನು ದಿನ ತುಂಬಿದ ಬಸುರಿಯ ಮನೆಯವರು ಸೂಲಗಿತ್ತಿಯ ಹಾದಿ ಕಾಯುವಂತೆ ಕಾಯುತ್ತಿದ್ದ.

ಮಾಳಪ್ಪ ಎದೆ ಉಬ್ಬಿಸಿ ಅವನ ಮುಂದೆ ನಿಂತ. "ಸೂಟ ಐತೇನ್ರಿ?"

ಜಹೀರುದ್ದೀನನ ಮುಖ ಅರಳಿತು. "ಇದೆ! ಇದೆ! ಎಲ್ಲಿ ಹೋಗಿದ್ರಿ ಮಾರಾಯ್ರೇ ಇಷ್ಟೊತ್ತು? ಬನ್ನಿ, ಬನ್ನಿ!"

ಕರಿಸಿದ್ದಪ್ಪ ಮೀಸೆ ತಿರುವಿದ. "ನೋಡಿದೇನಲೇ! ಕೇಳಿದ ಕೂಡ್ಲೆ ಒಳಗ ಕರದ್ರು!"

"ಈ ಅಮ್ಮ?" ಜಹೀರುದ್ದೀನ ಕೇಳಿದ.

"ನಮ್ಮ ಅತ್ತಿರಿ. ಇವರಿಗೂ ಸೂಟ ಬೇಕ್ರಿ."

"ಅವರಿಗೆ ಬೇಡ, ನಿಮಗೊಬ್ಬರಿಗೇ ಇರೋದು," ಎಂದವನ ಕಣ್ಣು ಜಮಖಾನದ ಮೇಲೆ ಬಿತ್ತು. "ಅರೆರೆ, ಸ್ಟೇಜಿಗೆ ಹಾಸೋಕೂ ತಂದಿದೀರಾ? ಗೌರೀಶ್ ಸಾರ್ ಕುಣಿದಾಡ್ತಾರೆ!" ಎಂದು ಅದರ ಒಂದು ತುದಿ ಹಿಡಿದು ಒಳಗೆ ನಡೆದ. ಇನ್ನೊಂದು ತುದಿಯನ್ನು ಮೈಲಾರವ್ವ ಬಿಡಲಿಲ್ಲ. ಹೀಗೆ ಮುಂದೆ ಮಾಳಪ್ಪ, ಜಮಖಾನದ ಹಿಂದೆ ಮೈಲಾರವ್ವ, ಮೈಲಾರವ್ವನ ಹಿಂದೆ ಕರಿಸಿದ್ದಪ್ಪ, ಮೂವರೂ ಟಿಕೆಟಿಲ್ಲದೆ ನಾಟಕದ ಮನೆಯೊಳಗೆ ಬಂದುಬಿಟ್ಟರು.

ಒಳಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಳಪ್ಪನ ಧೋತರ ಹೋಗಿ ಕರಿ ಸೂಟು ಬಂತು. ಅದು ತಪ್ಪಿಸಿಕೊಂಡ ನಟನ ಅಳತೆಯದು. ಒಂದು ಚೀಲದಲ್ಲಿ ಎರಡು ಚೀಲದ ಹತ್ತಿ ತುರುಕಿದಂತೆ ಮಾಳಪ್ಪ ಅದರೊಳಗೆ ಉಬ್ಬಿ ನಿಂತ. ಕೊರಳಿಗೆ ಟೈ ಬಿಗಿದಾಗ ಅವನಿಗೆ ಗಾಬರಿಯಾಯಿತು.

"ಕಾಕಾ, ಸೂಟ ಕೇಳಿದ್ರ ಸೂಟು ಯಾಕ ಹಾಕ್ತಾರ್ರಿ?"

ಕರಿಸಿದ್ದಪ್ಪ ಒಂದು ಕ್ಷಣ ತಡವರಿಸಿದ. ಆದರೆ ಬೆಂಗಳೂರು ಬಲ್ಲವನು ಎಷ್ಟು ಹೊತ್ತು ತಡವರಿಸುತ್ತಾನೆ? "ಹುಚ್ಚ, ಇಲ್ಲಿ ಪದ್ಧತಿನ ಅದು. ಸೂಟು ಹಾಕಿದವರಿಗೇ ಸೂಟ. ನೀ ನೋಡಿಲ್ಲೇನು, ಧೋತರದಾವ್ರು ಸಾಲಾ ತುಂಬಲಿಲ್ಲಂದ್ರ ಮನಿ ಬಾಗಲಿಗೆ ನೋಟೀಸು. ಸೂಟಿನಾವ್ರು ತುಂಬಲಿಲ್ಲಂದ್ರ ಸೂಟ. ಸುಮ್ಮ ಹಾಕ್ಕೋ."

ಇದು ಮಾಳಪ್ಪನಿಗೆ ಪೂರ್ತಿ ಒಪ್ಪಿಗೆಯಾಯಿತು.

ಅಷ್ಟರಲ್ಲಿ ಗೌರೀಶ ಬಿರುಗಾಳಿಯಂತೆ ಬಂದ. ಅವನನ್ನು ನೋಡಿ ಮೈಲಾರವ್ವ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡು, "ಆರಾಮ ಅದೀರೇನ್ರಿ?" ಎಂದಳು.

"ಆರಾಮ್ ಅಮ್ಮಾ, ಆರಾಮ್. ಪ್ರೇಕ್ಷಕರು ಈ ಕಡೆ ಬರಬಾರದು," ಎಂದ ಗೌರೀಶ, ಆಕೆಯ ಮುಖ ನೋಡದೆ. ಅರ್ಧ ತಿಂಗಳು ಆಕೆಯ ಕೈಯ ರೊಟ್ಟಿ ತಿಂದವನಿಗೆ ಆ ಕೈ ಗುರುತಾಗಲಿಲ್ಲ, ಮುಖವೂ ಗುರುತಾಗಲಿಲ್ಲ. ಅವನು ಮಾಳಪ್ಪನ ಭುಜ ಹಿಡಿದ. "ನೋಡಿ, ನಿಮ್ಮದು ಅಧಿಕಾರಿ ಪಾತ್ರ. ಮಾತಿಲ್ಲ. ಕುರ್ಚಿ ಮೇಲೆ ಕೂತ್ಕೋಬೇಕು. ಆಕೆ ಬೈತಾಳೆ, ನೀವು ಬೈಸ್ಕೋಬೇಕು. ಅನುಭವ ಇದೆಯಾ?"

"ಬೈಸ್ಕೊಳ್ಳೂದ್ರಿ?" ಮಾಳಪ್ಪನ ದನಿಯಲ್ಲಿ ಹೆಮ್ಮೆ ಬಂತು. "ಲಗ್ನ ಆದಾಗಿಂದ ಐತ್ರಿ. ಸರ, ನಾ ತಿರ್ಲಾಪುರದ..."

"ತಿರ್ಲಾಪುರ! ಪಾತ್ರಕ್ಕೋಸ್ಕರ ಅಲ್ಲಿಗೇ ಹೋಗಿದ್ರಾ? ಅದ್ಭುತ! ಭಾಷೆನೂ ಎಷ್ಟು ಚೆನ್ನಾಗಿ ಕಲ್ತಿದೀರಿ!" ಗೌರೀಶ ಅವನನ್ನು ತಬ್ಬಿಕೊಂಡೇಬಿಟ್ಟ. ತನ್ನನ್ನು ಟಂಟಂನಲ್ಲಿ ಹತ್ತಿಸಿಕೊಂಡು ತಿರುಗಿದವನನ್ನು ಸೂಟಿನಲ್ಲಿ ಅವನು ಹೇಗೆ ಗುರುತಿಸಬೇಕು?

ಮೈಲಾರವ್ವನನ್ನೂ ಕರಿಸಿದ್ದಪ್ಪನನ್ನೂ ಪಕ್ಕದ ಮೆಟ್ಟಿಲಿನಿಂದ ಪ್ರೇಕ್ಷಕರ ಕಡೆಗೆ ಇಳಿಸಿದರು. ಮುಂದಿನ ಸಾಲು ಪೂರಾ ಖಾಲಿಯಿತ್ತು, ಕುರ್ಚಿಗಳ ಬೆನ್ನಿಗೆ 'ಗಣ್ಯರು' ಎಂಬ ಚೀಟಿ ಅಂಟಿಸಿತ್ತು. ಗಣ್ಯರು ಎಂದಿನಂತೆ ಬಂದಿರಲಿಲ್ಲ. ಮೈಲಾರವ್ವ ಚೀಟಿಯ ಮೇಲೆ ಬೆನ್ನು ಕೊಟ್ಟು ನಡುಮಧ್ಯ ಕೂತಳು.

ಪರದೆ ಸರಿಯಿತು. ಸೂಟ ಸಿಗುತ್ತದೆಂದು ಕುರ್ಚಿಯ ಮೇಲೆ ಕೂತಿದ್ದ ಮಾಳಪ್ಪ ತಲೆ ಎತ್ತಿದ. ಎದುರಿಗೆ ಕತ್ತಲು, ಕತ್ತಲಲ್ಲಿ ನೂರಾರು ಕನ್ನಡಕಗಳ ಮಿಂಚು, ತನ್ನ ಕಾಲ ಕೆಳಗೆ ಮನೆಯ ಜಮಖಾನ. ಅವನಿಗೆ ಎದ್ದು ಓಡಬೇಕೆನಿಸಿತು. ಆದರೆ ಪ್ಯಾಂಟು ಬಗ್ಗಿಸಿದಷ್ಟೇ ಬಗ್ಗಿತ್ತು, ಮತ್ತೆ ನೆಟ್ಟಗಾಗುವ ಭರವಸೆ ಇರಲಿಲ್ಲ.

ಸುನಿತಾ ಎಂಬ ನಟಿ ಇಳಕಲ್ಲ ಸೀರೆಯಲ್ಲಿ ಬಿರಬಿರನೆ ಬಂದಳು. ಸೊಂಟದ ಮೇಲೆ ಕೈಯಿಟ್ಟು ಮಾಳಪ್ಪನ ಮುಖಕ್ಕೆ ಗುಡುಗಿದಳು. "ಕಾಲು ಅಗಲಿಸಿ ನಿಂದ್ರು! ಬಾಲ ಬೀಸಬ್ಯಾಡ ಬೇ! ಹಾಲು ಕೊಡೂ ಹೊತ್ತಿನ್ಯಾಗ ಬರೇ ನೆಪಾ ಕೊಡ್ತಿ!"

ಚಪ್ಪಾಳೆ ಸಿಡಿಯಿತು. ಹಿಂದಿನ ಸಾಲಿನ ಗಡ್ಡದ ಸದ್ಗೃಹಸ್ಥರೊಬ್ಬರು ಹೆಂಡತಿಗೆ ಪಿಸುಗುಟ್ಟಿದರು. "ಬಾಲ ಅಂದ್ರೆ ಅಧಿಕಾರ. ಹಾಲು ಅಂದ್ರೆ ಜನರ ಹಕ್ಕು. ಎಂಥಾ ರೂಪಕ!"

ಮೈಲಾರವ್ವ ಹಿಂದೆ ತಿರುಗಿ ಬಹಳ ಮರ್ಯಾದೆಯಿಂದ ಹೇಳಿದಳು. "ಇಲ್ರಿ ಸಾಹೇಬ್ರ. ಬಾಲ ಅಂದ್ರ ಬಾಲಾನ. ಅದು ನಮ್ಮ ಎಮ್ಮಿಗೆ ಅಂದದ್ರಿ."

"ಶ್ಶ್!" ಎಂದರು ಗಡ್ಡದವರು.

ವೇದಿಕೆಯ ಮೇಲೆ ಸುನಿತಾ ಒಂದು ಸುತ್ತು ಹಾಕಿದಳು. "ರೊಟ್ಟಿ ಬಡಿಯೂ ಸಪ್ಪಳಕ್ಕ ಎದ್ದು ಕುಂದರ್ತಿ, ದುಡಿಯೂ ಸಪ್ಪಳಕ್ಕ ಮುಸುಕು ಎಳಕೋತಿ!"

ಇದು ಮಾಳಪ್ಪನ ಸ್ವಂತ ಬೈಗುಳ. ಲಗ್ನವಾದ ಮೊದಲ ವಾರದಲ್ಲೇ ಅತ್ತೆ ಅವನಿಗೆಂದೇ ಮಾಡಿಕೊಟ್ಟದ್ದು. ಎಷ್ಟು ದಿನವಾಗಿತ್ತು ಇದನ್ನು ಕೇಳಿ! ಅವನ ಕಣ್ಣಲ್ಲಿ ನೀರು ಬಂದು ಟೈಯ ಮೇಲೆ ಟಪಟಪ ಬಿತ್ತು. ಅಧಿಕಾರಿಯೊಬ್ಬ ಬೈಸಿಕೊಂಡು ಅಳುವುದನ್ನು ಆ ಮಂದಿ ಈ ಜನ್ಮದಲ್ಲಿ ನೋಡಿರಲಿಲ್ಲ. ಮತ್ತೆ ಚಪ್ಪಾಳೆ.

ಚಪ್ಪಾಳೆಯ ಅಮಲಿನಲ್ಲಿ ಸುನಿತಾ ಗೌರೀಶ ಬರೆದು ಸೇರಿಸಿದ ಮಾತಿಗೆ ಬಂದಳು. ಅದು ಮೈಲಾರವ್ವ ಎಂದೂ ಆಡದ ಮಾತು. "ನಿನಗ ಹೆಣ್ಣು ಕೊಟ್ಟಾಕಿಗೆ ಕಣ್ಣು ಇದ್ದಿದ್ದಿಲ್ಲೇನೋ?"

ಮುಂದಿನ ಸಾಲಿನಲ್ಲಿ ಕುರ್ಚಿಯೊಂದು ಢಬ್ಬೆಂದು ಮಡಚಿಕೊಂಡಿತು. ಮೈಲಾರವ್ವ ಎದ್ದು ನಿಂತಿದ್ದಳು.

"ಯಾರಿಗಂದಿ ಬೇ? ಹೆಣ್ಣು ಕೊಟ್ಟಾಕಿ ನಾನ, ಇಲ್ಲೆ ಕುಂತೀನಿ! ನನ್ನ ಎರಡೂ ಕಣ್ಣು ಗಟ್ಟಿ ಅದಾವ! ನನ್ನ ಅಳಿಯಾ ನನಗ ಬಿಟ್ಟಿದ್ದು, ಬೈಯಾಕ ನೀ ಯಾವಾಕಿ? ಆ ಮಾತು ಹೇಳಿಕೊಟ್ಟಾವ ಎಲ್ಲದಾನ? ಏ ಗೌರೀಶ್ಯಾ, ಹೊರಗ ಬಾರೋ! ನನ್ನ ರೊಟ್ಟಿ ತಿಂದಿ, ಪಲ್ಲೆ ತಿಂದಿ, ಬೈಗಳಾನೂ ತಿಂದಿ, ತೇಗೂ ಹೊತ್ತಿಗೆ ನನ್ನ ಹೆಸರು ಮರ್ತೇನೋ? ಎಮ್ಮಿಗೆ ಬೈದದ್ದು ಯಾವುದು, ಮನಿಷಾಗ ಬೈದದ್ದು ಯಾವುದು ತಿಳಿಲಾರದ ಮೂಳ, ನೀ ನನ್ನ ಬಾಯಿ ಮಾರಾಕ ಹೊಂಟೀಯಾ?"

ಮೈಲಾರವ್ವ ಮೆಟ್ಟಿಲು ಹತ್ತಿ ವೇದಿಕೆಗೇ ಬಂದಳು. ಸುನಿತಾ ತಾನಾಗಿ ಎರಡು ಹೆಜ್ಜೆ ಹಿಂದೆ ಸರಿದಳು. ಈಗ ಪಾಳಿ ಕುರ್ಚಿಯ ಮೇಲಿನವನದು.

"ಲೇ ಮಾಳ್ಯಾ! ಏಳಲೇ ಮ್ಯಾಲೆ! ಕುಂತಾನ ನೋಡು ಖೋಡಿ, ಬೆದರುಬೊಂಬಿಗೆ ಲಗ್ನ ಗೊತ್ತಾದಂಗ! ಸೂಟ ತರ್ತೀನಿ ಅಂತ ಹ್ವಾದಾವ ತಾನ ಸೂಟಿನ್ಯಾಗ ಹೊಕ್ಕೊಂಡು ಕುಂತಾನ! ನಿನ್ನ ಗಾಡಿಯರ ಹೊಗಿ ಬಿಡ್ತೈತಿ, ನೀ ಬರೇ ಹವಾ ಬಿಡ್ತಿ! ಮಂದಿ ಕಡೆ ಬೈಸ್ಕೊಳ್ಳಾಕ ಬೆಂಗಳೂರಿಗೆ ಬರಬೇಕಾಗಿತ್ತೇನಲೇ? ಮನ್ಯಾಗ ನಾ ಸತ್ತಿದ್ನೇನು?"

"ಬಂತು!" ಮಾಳಪ್ಪ ಅಳುತ್ತ ನಗುತ್ತ ಎದ್ದು ನಿಂತ. ಪ್ಯಾಂಟು ಹಿಂದೆ ಪರ್ರೆಂದಿತು. ಅವನಿಗೆ ಅದರ ಖಬರಿರಲಿಲ್ಲ. "ಬಂತು, ಕಾಕಾ! ಬಾಯಿ ಬಂತು!"

ನಾಟಕದ ಮನೆಗೆ ನಾಟಕದ ಮನೆಯೇ ಎದ್ದು ನಿಂತಿತು. ಸೀಟಿ, ಕೇಕೆ, ಚಪ್ಪಾಳೆ. ಕರಿಸಿದ್ದಪ್ಪ ಗಡ್ಡದವರ ಕೈ ಹಿಡಿದು ಕುಲುಕಿ, "ನಮ್ಮ ಓಣಿಯಾಕಿ ರೀ! ಎದುರು ಮನಿ!" ಎಂದು ಕೂಗುತ್ತಿದ್ದ. ಗಡ್ಡದವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಪ್ರೇಕ್ಷಕರ ನಡುವಿನಿಂದ ತಾಯಿ! ಎಂಥಾ ನಿರ್ದೇಶನ!" ಎನ್ನುತ್ತಿದ್ದರು.

ಆ ಕೊನೆಯ ಮಾತು ಪರದೆಯ ಮರೆಯಲ್ಲಿ ನಡುಗುತ್ತ ನಿಂತಿದ್ದ ಗೌರೀಶನ ಕಿವಿಗೆ ಬಿತ್ತು. ಅವನ ನಡುಕ ನಿಂತಿತು. ಅವನು ಮೈಕು ಹಿಡಿದು ಹೊರಗೆ ಬಂದ.

"ಗೆಳೆಯರೇ, ರಂಗದ ಗೋಡೆ ಒಡೆಯುವ ಈ ಪ್ರಯೋಗ ಇವತ್ತು ನಾನು ಮೊದಲ ಸಲ ಮಾಡಿದ್ದು. ನಿಮಗೆ ಇಷ್ಟವಾಯ್ತು ಅಂತ ಕಾಣುತ್ತೆ. ಈ ಯಶಸ್ಸಿನ ಪಾಲು ನಮ್ಮ ಅಧಿಕಾರಿ ಪಾತ್ರಧಾರಿಗೂ ಸಲ್ಲಬೇಕು. ಪಾತ್ರಕ್ಕೋಸ್ಕರ ತಿರ್ಲಾಪುರದಲ್ಲಿ ಬದುಕಿ ಬಂದ ಕಲಾವಿದ... ಹೆಸರು ಏನಂದ್ರಿ?"

"ಮಾಳಪ್ಪ ರೀ."

"ಮಾಳಪ್ಪ!"

ಹೆಗಲಿಗೆ ಶಾಲು ಬಿತ್ತು. ಕೈಗೆ ಮೈಕು ಬಂತು. ಮುಖಕ್ಕೆ ಬೆಳಕು ಬಂತು. ಬದುಕಿನಲ್ಲಿ ಮೊದಲ ಸಲ ಮಾಳಪ್ಪನ ಮಾತಿಗೆ ಒಂದು ಮನೆತುಂಬ ಮಂದಿ ಕಾದು ಕೂತಿತ್ತು. ಮೈಲಾರವ್ವ ಅವನ ಪಕ್ಕದಲ್ಲೇ, ಬೆಳಕಿನ ಅಂಚಿನಾಚೆ, ಸೆರಗು ಹೊದ್ದು ನಿಂತಿದ್ದಳು. ಅವಳ ಮುಖ ಅಳಿಯನ ಕಡೆಗಿತ್ತು. ಈಗ ಒಂದು ಹೆಸರು ಹೇಳಿದರೆ ಸಾಕಿತ್ತು.

ಮಾಳಪ್ಪನಿಗೆ ಉಬ್ಬಿ ಬಂತು. "ಎಲ್ಲಾರಿಗೂ ಶರಣ್ರಿ. ಗೌರೀಶ ಸರ ಅವರಿಗೆ ಥ್ಯಾಂಕ್ಸ್ ರೀ. ಸೂಟು ಕೊಟ್ಟ ಸಾಹೇಬ್ರಿಗೆ ಥ್ಯಾಂಕ್ಸ್ ರೀ. ನಮ್ಮ ಕರಿಸಿದ್ದಪ್ಪ ಕಾಕಾಗ, ಹಾದಿ ತೋರಿಸಿದ್ರು. ಕೋಡಿಂದು ತಿಳಿಸಿ ಹೇಳಿದ ಕಿಟಕಿ ಯಕ್ಕಾಗ. ನಮ್ಮ ಹೆಂಡ್ತಿ ನಾಗರತ್ನಾಗ. ಮತ್ತ... ಮತ್ತ..." ಯಾರೋ ಮುಖ್ಯವಾದವರು ಬಿಟ್ಟುಹೋದಂತೆ ಅನಿಸಿ ಅವನು ತಲೆ ಕೆರೆದುಕೊಂಡ. ಮುಖ ಅರಳಿತು. "ಹಾಂ! ನಮ್ಮ ಎಮ್ಮಿಗೆ! ಆ ಬಾಲದ ಮಾತು ಅದರದ್ದ ರೀ!"

ಚಪ್ಪಾಳೆಯಲ್ಲಿ ಪರದೆ ಬಿತ್ತು.

ಅವನು ಧೋತರ ಸುತ್ತಿಕೊಂಡು, ಶಾಲು ಹೊದ್ದುಕೊಂಡೇ ಹೊರಗೆ ಓಡಿದ. ಫೋನಿನಲ್ಲಿ ನಾಗರತ್ನಾಗೆ, "ಸಿಕ್ತು! ಬಾಯಿ ಸಿಕ್ತು! ಎಮ್ಮಿಗೆ ಹೇಳು!" ಎಂದು ಒದರಿದ. ಬಾಗಿಲಲ್ಲಿ ಇರಮ್ ಕಪ್ಪು ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆಯುತ್ತಿದ್ದಳು. 'ಬಾಯಿಬಡಕಿ. ಮಾತು: ಗೌರೀಶ.' ಅದರ ಕೆಳಗೆ ಹೊಸ ಸಾಲು, 'ವಿಶೇಷ ಆಕರ್ಷಣೆ: ತಿರ್ಲಾಪುರದ ಮಾಳಪ್ಪ.'

ಅದರಡಿಯ ಮೆಟ್ಟಿಲ ಮೇಲೆ ಮೈಲಾರವ್ವ ಜಮಖಾನ ಹಾಸಿ ಕೂತು ಆ ಹಲಗೆಯನ್ನೇ ನೋಡುತ್ತಿದ್ದಳು. ಓದು ಬರುತ್ತಿರಲಿಲ್ಲ. ಕರಿಸಿದ್ದಪ್ಪ ಬೆರಳಿಟ್ಟು ಓದಿ ಹೇಳಿ ಮುಗಿಸಿದ್ದ.

"ಅತ್ತಿ! ಹೆಂಗಾತ್ರಿ? ನಮ್ಮೂರ ಹೆಸರು ಬೆಂಗಳೂರಾಗ ಬಂತ್ರಿ!"

ಮೈಲಾರವ್ವ ಅವನತ್ತ ತಿರುಗಿ, ಜಮಖಾನದ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು.

"ಕುಂದರ್ರಿ, ಅಳಿಯಂದ್ರ. ಭಾಳ ಚೊಲೋ ಮಾತಾಡಿದ್ರಿ."

ಮಾಳಪ್ಪನ ಹೆಗಲಿನಿಂದ ಶಾಲು ಜಾರಿತು. ಮೈಕು, ಬೆಳಕು, ಕಾಕಾ, ಕಿಟಕಿ ಯಕ್ಕಾ, ಎಮ್ಮೆ ಎಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಬರಬೇಕಾದವಳು ಈಗ ಬಂದಳು.

ಅದೇ ಹೊತ್ತಿಗೆ ಗೌರೀಶ ಏದುಸಿರು ಬಿಡುತ್ತ ಓಡಿ ಬಂದ. "ಅಮ್ಮಾ, ಅಮ್ಮಾ! ಸಿಕ್ಕಿದ್ರಲ್ಲ ಸದ್ಯ! ಇವತ್ತು ಟಿಕೆಟ್ ಇಲ್ದೆ ಒಳಗೆ ಬಂದ್ರಂತೆ, ಪರವಾಗಿಲ್ಲ, ನಾನೇನೂ ಅನ್ನಲ್ಲ. ನಾಳೆನೂ ಬನ್ನಿ. ಅದೇ ಕುರ್ಚಿ. ಅದೇ ಜಾಗದಲ್ಲಿ ಎದ್ದು, ಹಾಗೇ ಬೈಬೇಕು. ನಿಮಗೇಂತ ಟಿಕೆಟ್ಟಲ್ಲಿ ಅರ್ಧ ರಿಯಾಯಿತಿ ಕೊಡಿಸ್ತೀನಿ!"

"ಸೂಟ!" ಕರಿಸಿದ್ದಪ್ಪ ಮೆಟ್ಟಿಲಿನಿಂದ ಎಗರಿದ. "ಸೂಟ ಸಿಕ್ತಲೇ ಮಾಳ್ಯಾ! ನಾ ಹೇಳಿದ್ನಿಲ್ಲ?"

ಮೈಲಾರವ್ವ ಗೌರೀಶನಿಗೆ ಕೈ ಮುಗಿದಳು. "ಬರಂಗಿಲ್ರಿ, ಸರ."

ಮಾಳಪ್ಪನ ಫೋನು ಬಡಿದುಕೊಳ್ಳುತ್ತಿತ್ತು. ನಾಗರತ್ನಾ ಎಮ್ಮೆಯ ಕಿವಿಗೆ ಫೋನು ಹಿಡಿದು ಕಾಯುತ್ತಿದ್ದಿರಬೇಕು. ಅವನು ಅತ್ತೆಯ ಕಾಲ ಬಳಿ, ನವಿಲುಗಳ ಮೇಲೆ, ದೊಪ್ಪನೆ ಕೂತ.

"ಅತ್ತಿ, ತಪ್ಪಾತ್ರಿ. ದೊಡ್ಡ ತಪ್ಪಾತ್ರಿ. ಬೈರಿ ನನಗ. ನಾಕು ಮಂದಿ ಮುಂದ ಬೈರಿ. ಅಷ್ಟೊಂದೂ ಬ್ಯಾಡ್ರಿ, ಒಂದ ಮಾತು. 'ಮೂಳ' ಅಂದ್ರ ಸಾಕ್ರಿ."

ಮೈಲಾರವ್ವ ಬಿದ್ದ ಶಾಲನ್ನು ಎತ್ತಿ, ಧೂಳು ಕೊಡವಿ, ಅಳಿಯನ ಹೆಗಲ ಮೇಲೆ ನೆಟ್ಟಗೆ ಹೊದಿಸಿದಳು.

"ಇಲ್ರಿ, ಅಳಿಯಂದ್ರ," ಎಂದಳು. "ಅನ್ನಂಗಿಲ್ರಿ."